ಅಡುಗೆಮನೆಯಲ್ಲಿ ಬಿಟ್ಟುಕೊಟ್ಟ ಒಂದು ಲಕ್ಷ

‘ಹೇಳಿರೋ ರೇಟಿನ ಮೇಲೆ ಇನ್ನೊಂದು ಲಕ್ಷ ಡಾಲರ್ ಆದ್ರೂ ಪರವಾಗಿಲ್ಲ, ಈ ಮನೆ ನಮಗೆ ಬೇಕೇ ಬೇಕು.’

ಕಳೆದ ಭಾನುವಾರ ಕ್ಯಾಲಿಫೋರ್ನಿಯಾದ ಸನಿವೇಲ್‌ನಲ್ಲಿ, ಮಾರಾಟಕ್ಕಿಟ್ಟ ಮನೆಯನ್ನು ಯಾರು ಬೇಕಾದರೂ ಬಂದು ನೋಡಬಹುದಾದ ಓಪನ್ ಹೌಸೊಂದರಲ್ಲಿ, ಅಡುಗೆಮನೆಯ ಕಲ್ಲಿಗೆ ಒರಗಿ ನಿಂತು, ಯಜಮಾನರೊಬ್ಬರು ಇಂಗ್ಲಿಷಿನಲ್ಲಿ ನಗುನಗುತ್ತ ಹೇಳಿದ ಮಾತಿದು. ಕೇಳಿಸಿಕೊಂಡದ್ದು ಮಾರುವವರ ಏಜೆಂಟು. ‘ರೀ, ಸುಮ್ನಿರಿ’ ಅಂತ ಹೆಂಡತಿ ಕನ್ನಡದಲ್ಲಿ ಗದರುವಷ್ಟರಲ್ಲಿ ಮಾತು ಮಾರುವವರ ಜೇಬು ಸೇರಿತ್ತು.

ಆ ಏಜೆಂಟು ಎಷ್ಟೇ ಆತ್ಮೀಯವಾಗಿ ಮಾತಾಡಲಿ, ದುಡಿಯುವುದು ಮಾರುವವರಿಗೆ. ಈ ಕಡೆ ಸಾಮಾನ್ಯವಾಗಿ ಶನಿವಾರ, ಭಾನುವಾರ ಮನೆ ತೋರಿಸಿ, ಮಂಗಳವಾರವೋ ಬುಧವಾರವೋ ಆಫರ್ ಕೇಳುತ್ತಾರೆ. ಆಗ ಮಾರುವವರ ಕೌಂಟರ್, ಅಂದರೆ ತಿರುಗಿ ಕೇಳುವ ಬೆಲೆ, ಎಷ್ಟಕ್ಕೆ ಬರುತ್ತದೆಂದು ಬೇರೆ ಹೇಳಬೇಕೆ? ಆಗಸ್ಟ್ 17, 2024ರಿಂದ ಕೊಳ್ಳುವವರು ತಮ್ಮ ಏಜೆಂಟಿನ ಜೊತೆ ಮನೆ ನೋಡಬೇಕಾದರೆ ಮೊದಲೇ ಬರವಣಿಗೆಯ ಕರಾರು ಆಗಿರಬೇಕು. ಓಪನ್ ಹೌಸಿಗೆ ತಾವಾಗಿಯೇ ಹೋದರೆ ಅದು ಬೇಡ. ಹಾಗಾಗಿ ಸಹಿ ತಪ್ಪಿತೆಂದು ಏಜೆಂಟಿಲ್ಲದೆ ಬರುತ್ತಾರೆ, ಬಾಯಿ ಹಿಡಿಯಲು ಪಕ್ಕದಲ್ಲಿ ಯಾರೂ ಇರುವುದಿಲ್ಲ. ಬಾಗಿಲಲ್ಲಿ ಹೆಸರು, ಫೋನ್ ನಂಬರ್ ಬರೆಸಿಕೊಳ್ಳುವುದೂ ಸುಮ್ಮನೆ ಅಲ್ಲ. ಅಲ್ಲಿ ಬಂದವರು ಆ ಮನೆಯನ್ನೇ ಕೊಳ್ಳುವುದು ಅಪರೂಪ. ಏಜೆಂಟಿಗೆ ಸಿಗುವ ದೊಡ್ಡ ಲಾಭ ಹೊಸ ಗಿರಾಕಿಗಳು. ನಿಮಗೆ ಏಜೆಂಟ್ ಇದ್ದರೆ ಅವರ ಹೆಸರು ಬರೆದು ಮುಂದೆ ನಡೆಯಿರಿ.

ಆ ಹೆಂಗಸು ಮಾತ್ರ ಜಾಣೆ. ಗಂಡ ಸೋಫಾ ಮೆಚ್ಚುತ್ತಿದ್ದಾಗ (ಸೋಫಾ ಮನೆ ಚೆಂದ ಕಾಣಲೆಂದು ತಂದಿಟ್ಟ ಬಾಡಿಗೆಯದು, ವಾರ ಕಳೆದರೆ ಲಾರಿ ಹತ್ತುತ್ತದೆ) ಸಿಂಕಿನ ಕೆಳಗೆ ಬಗ್ಗಿ ಪಸೆ ಮುಟ್ಟಿ ನೋಡಿದರು. ಮಹಡಿಯಲ್ಲಿ ಷವರ್ ಬಿಟ್ಟು ಫ್ಲಷ್ ಎಳೆದು ನೀರಿನ ಒತ್ತಡ ಇಳಿಯುತ್ತದೆಯೇ ಎಂದು ನೋಡಿದರು. ಹಗಲಲ್ಲೂ ಉರಿಯುತ್ತಿದ್ದ ದೀಪಗಳನ್ನು ಆರಿಸಿದಾಗ ಎರಡು ಕೋಣೆ ಗವಿಯಂತಾದವು. ಗ್ಯಾರೇಜಿನಲ್ಲಿ ವಾಟರ್ ಹೀಟರಿನ ಲೇಬಲ್ ಫೋಟೋ ತೆಗೆದರು: ಟ್ಯಾಂಕಿನ ಆಯಸ್ಸು ಸುಮಾರು ಹತ್ತು ವರ್ಷ. ಭೂಕಂಪಕ್ಕೆ ಬೀಳದಂತೆ ಅದನ್ನು ಗೋಡೆಗೆ ಬಿಗಿದಿರಬೇಕೆಂದು ಕ್ಯಾಲಿಫೋರ್ನಿಯಾದ ಕಾನೂನೇ ಇದೆ; ಮೇಲಿನ ಮೂರನೇ ಒಂದು ಭಾಗದಲ್ಲೊಂದು, ಕೆಳಗಿನದರಲ್ಲೊಂದು ಪಟ್ಟಿ. ಇಲ್ಲಿ ಮೇಲಿನದಷ್ಟೇ ಇತ್ತು. ಬಾಗಿಲ ಮೂಲೆಯಿಂದ ಓರೆಯಾಗಿ ಏರುವ ಬಿರುಕು, ತಾನಾಗಿಯೇ ಸರಿಯುವ ಬಾಗಿಲು, ಒಂದೇ ಕಡೆ ಹೊಸ ಬಣ್ಣ ಕಂಡರೆ ಇನ್‌ಸ್ಪೆಕ್ಷನ್ ವರದಿ ತೆರೆದು ಅದೇ ಜಾಗ ಹುಡುಕಬೇಕು. ಮಾರುವವರ ಡಿಸ್‌ಕ್ಲೋಷರ್ ಕಡತದಲ್ಲಿ (ಮನೆಯ ಕುಂದುಕೊರತೆ ತಿಳಿಸುವ ಕಾಗದಗಳು) ಆ ವರದಿ ಹೆಚ್ಚಾಗಿ ಮೊದಲೇ ಇರುತ್ತದೆ, ಕೇಳಿದರೆ ಕಳಿಸುತ್ತಾರೆ.

ಮನೆ ತುಂಬ ಮೆಲುವಾದ ಸಂಗೀತವಿತ್ತು. ಕ್ಯಾಲ್‌ಟ್ರೇನ್ ಎಂಬ ಲೋಕಲ್ ರೈಲಿನ ಹಳಿ ಹತ್ತಿರವೇ. 2024ರಲ್ಲಿ ರೈಲು ವಿದ್ಯುತ್ತಿಗೆ ಬದಲಾದ ಮೇಲೆ ಸದ್ದು ತಗ್ಗಿದೆ, ಆದರೆ ರಸ್ತೆ ದಾಟುವಲ್ಲಿ ಹಾರ್ನ್ ತಪ್ಪಿಲ್ಲ. ಭಾನುವಾರ ಮಧ್ಯಾಹ್ನ ರೈಲುಗಳೂ ಕಡಿಮೆ. ವಾರದ ದಿನ ಬೆಳಿಗ್ಗೆ ಎಂಟಕ್ಕೆ ಬಂದು ಅದೇ ಬೀದಿಯಲ್ಲಿ ಹತ್ತು ನಿಮಿಷ ನಿಂತರೆ ಗೊತ್ತಾಗುತ್ತದೆ.

ಹೊರಡುವಾಗ ಏಜೆಂಟು ಬಿಸಿ ಕುಕಿಯ ತಟ್ಟೆ ಚಾಚಿದರು. ಯಜಮಾನರು ಎರಡು ತೆಗೆದುಕೊಂಡರು.