ಪಕ್ಕದ ದೋಣಿಯ ಸರಪಳಿ ಎಷ್ಟು ಉದ್ದ?

2025 ಜನವರಿ 3, ಶುಕ್ರವಾರ
ಬಾನ್ ಅಕಾರ್ಡ್ ಹಾರ್ಬರ್, ಕವಾವ್ ದ್ವೀಪ, ನ್ಯೂಜಿಲೆಂಡ್

ಬೆಳಗಿನ ಆರೂವರೆ. ರಾತ್ರಿ ಹನ್ನೊಂದು ಗಂಟೆಗೆ ಎದ್ದು ದೋಣಿಯ ಅಟ್ಟದ ಮೇಲೆ ಹೋದವನು ಮತ್ತೆ ತಲೆ ಊರಿದ್ದು ಮೂರು ಗಂಟೆಯ ಮೇಲೆ. ಹೆಂಡತಿಯೂ ಮಗಳೂ ಇನ್ನೂ ನಿದ್ದೆಯಲ್ಲಿದ್ದಾರೆ. ಗಾಳಿ ತಗ್ಗಿದೆ, ಆದರೂ ನೈಋತ್ಯದಿಂದಲೇ ಬೀಸುತ್ತಿದೆ. ನಿನ್ನೆ ಮಧ್ಯಾಹ್ನದಿಂದ ನಡೆದದ್ದನ್ನು ನೆನಪು ಹಸಿಯಾಗಿರುವಾಗಲೇ ಬರೆದಿಡಬೇಕೆಂದು ಕೂತಿದ್ದೇನೆ. ಪ್ರತಿ ವರ್ಷ ಈ ರಜೆಯಲ್ಲಿ ಇದೇ ಕೊಲ್ಲಿಗಳಲ್ಲಿ ಲಂಗರು ಹಾಕುವ ಜಾಗದ ಬಗ್ಗೆ ಇದೇ ಬಗೆಯ ಜಗಳಗಳು ನಡೆಯುತ್ತವೆ, ಅವುಗಳಲ್ಲಿ ಹೆಚ್ಚಿನವು ಹಗಲು ಹೊತ್ತಿನಲ್ಲಿ ಯಾರಾದರೂ ಹೋಗಿ ಎರಡು ಮಾತು ಆಡಿದ್ದರೆ ತಪ್ಪುತ್ತಿದ್ದವು ಎಂಬುದು ನನ್ನ ದೃಢವಾದ ಅನಿಸಿಕೆ.

ಆಕ್ಲೆಂಡಿನ ದೋಣಿಯವರಿಗೆ ಕ್ರಿಸ್‌ಮಸ್‌ನಿಂದ ಜನವರಿಯ ನಡುವಿನವರೆಗೆ ಬೇಸಿಗೆ ರಜೆ. ಹೌರಾಕಿ ಕೊಲ್ಲಿಯಲ್ಲಿ ದ್ವೀಪಗಳಿಗೆ ಕೊರತೆಯಿಲ್ಲ, ಆದರೆ ಒಂದೊಂದು ಗಾಳಿಗೆ ಮರೆ ಕೊಡುವ ತಾಣಗಳು ಕೆಲವೇ ಕೆಲವು. ನೈಋತ್ಯ ಗಾಳಿಯ ಮುನ್ಸೂಚನೆ ಬಂದಿತೆಂದರೆ ವೈಹೆಕೆ ದ್ವೀಪದ ಬಡಗು ಮಗ್ಗುಲಿನ ಒನೆರೊವಾದಲ್ಲಿ ಒಂದು ದೋಣಿ ನಿಲ್ಲಬೇಕಾದಲ್ಲಿ ಮೂರು ನಿಲ್ಲುತ್ತವೆ. ಕವಾವ್‌ನಲ್ಲಿ ಗವರ್ನರ್ ಜಾರ್ಜ್ ಗ್ರೇ 1862ರಲ್ಲಿ ದ್ವೀಪವನ್ನೇ ಕೊಂಡು, ಅಲ್ಲಿದ್ದ ಮನೆಯನ್ನು ಹಿಗ್ಗಿಸಿ ಬಂಗಲೆ ಮಾಡಿಕೊಂಡ ಜಾಗದೆದುರಿನ ಮ್ಯಾನ್ಷನ್ ಹೌಸ್ ಬೇ ಹಗಲೆಲ್ಲ ಗಿಜಿಗುಟ್ಟುತ್ತದೆ. ಹಾಗಾಗಿ ನಾವು ಹಾರ್ಬರಿನ ಒಳಕ್ಕೆ ಸರಿದು, ದಕ್ಷಿಣದ ಗುಡ್ಡದ ಮರೆಯಲ್ಲಿ, ಲಂಗರು ಚೆನ್ನಾಗಿ ಕಚ್ಚುವ ಕೆಸರು ನೆಲದ ಮೇಲೆ ನಿಲ್ಲುವುದು ರೂಢಿ. ನಿನ್ನೆ ಬೆಳಿಗ್ಗೆ ನಾವು ಬಂದಾಗ ಸುತ್ತಮುತ್ತ ಆರು ದೋಣಿಗಳಿದ್ದವು. ಸಂಜೆ ನಲವತ್ತರವರೆಗೆ ಎಣಿಸಿ ಬಿಟ್ಟುಬಿಟ್ಟೆ.

ಎರಡೂವರೆಯ ಸುಮಾರಿಗೆ, ಇಳಿತ ತಳ ಮುಟ್ಟುತ್ತಿದ್ದ ಹೊತ್ತಿನಲ್ಲಿ, ಒಂದು ಬಿಳಿ ಮೋಟಾರು ದೋಣಿ ನಮ್ಮ ಎಡಕ್ಕೆ ಬಂದಿತು. ನಡೆಸುತ್ತಿದ್ದವನಿಗೆ ಮೂವತ್ತರ ಆಸುಪಾಸು. ಜೊತೆಗೆ ಹೆಂಡತಿ, ಎರಡು ಸಣ್ಣ ಮಕ್ಕಳು. ದೋಣಿ ಇನ್ನೂ ಮುಂದಕ್ಕೆ ಚಲಿಸುತ್ತಿರುವಾಗಲೇ ಲಂಗರು ಧುಪ್ಪೆಂದು ಬಿದ್ದಿತು, ಅದರ ಮೇಲೆಯೇ ಸರಪಳಿ ರಾಶಿಯಾಗಿ ಇಳಿಯಿತು, ಮರುಕ್ಷಣ ಎಂಜಿನ್ ನಿಂತಿತು. ನನ್ನ ಅಂದಾಜಿನಲ್ಲಿ ಹನ್ನೆರಡು ಮೀಟರಿಗಿಂತ ಹೆಚ್ಚು ಹೊರಗೆ ಹೋಗಿರಲಿಲ್ಲ. ನಮ್ಮಿಬ್ಬರ ನಡುವೆ ಎರಡು ದೋಣಿಯುದ್ದದ ನೀರಿತ್ತು.

ನಮ್ಮ ದೋಣಿಯಿಂದ ಬಿಟ್ಟದ್ದು ನಲವತ್ತು ಮೀಟರ್. ಅದರ ಲೆಕ್ಕ ಹೀಗೆ: ಇಳಿತದಲ್ಲಿ ಆಳ ನಾಲ್ಕು ಮೀಟರ್. ಅಮಾವಾಸ್ಯೆ ಕಳೆದು ಮೂರು ದಿನವಾಗಿರುವುದರಿಂದ ಭರತ ಮೂರು ಮೀಟರಿನ ಹತ್ತಿರ ಏರುತ್ತದೆ, ನೀರಿನ ಮೇಲಿಂದ ದೋಣಿಯ ಮೂತಿಗೆ ಇನ್ನೊಂದು ಮೀಟರ್, ಒಟ್ಟು ಎಂಟು. ಪೂರ್ತಿ ಸರಪಳಿಯಿದ್ದರೆ ಅದರ ಐದು ಪಟ್ಟು ಬಿಡಬೇಕು, ಹಗ್ಗವಾದರೆ ಏಳು ಪಟ್ಟು. ಲಂಗರನ್ನು ಹಿಡಿದು ನಿಲ್ಲಿಸುವುದು ಅದರ ತೂಕಕ್ಕಿಂತ ಹೆಚ್ಚಾಗಿ ಎಳೆತದ ದಿಕ್ಕು. ನೆಲಕ್ಕೆ ಸಮನಾಗಿ ಎಳೆದರೆ ಅದು ಇನ್ನೂ ಆಳಕ್ಕೆ ಕಚ್ಚುತ್ತದೆ, ಮೇಲಕ್ಕೆ ಎಳೆದರೆ ಕಿತ್ತು ಬರುತ್ತದೆ. ಆ ಯುವಕ ಆಳದ ಮೀಟರಿನಲ್ಲಿ ನಾಲ್ಕು ಎಂದು ನೋಡಿ ಮೂರು ಪಟ್ಟು ಬಿಟ್ಟಿದ್ದ. ರಾತ್ರಿ ಒಂಬತ್ತಕ್ಕೆ ಭರತ ತುಂಬಿದಾಗ ಅದು ಒಂದೂವರೆ ಪಟ್ಟಿಗೆ ಬಂದು ನಿಲ್ಲುತ್ತಿತ್ತು.

ನಮ್ಮ ದೋಣಿಯ ಜೊತೆಗಿರುವ ಪುಟ್ಟ ದೋಣಿ ಡಿಂಗಿಯಲ್ಲಿ ಹುಟ್ಟು ಹಾಕಿಕೊಂಡು ಹೋದೆ. ಮೋಟಾರು ಹಚ್ಚಿ ಹೋದರೆ ಜಗಳಕ್ಕೆ ಬಂದಂತೆ ಕಾಣುತ್ತದೆಂಬುದು ನನ್ನ ಅನುಭವ. ಹತ್ತಿರ ನಿಂತೆಯೆಂದು ದೂರಲಿಲ್ಲ. "ನಮಸ್ಕಾರ, ಪಕ್ಕದ ದೋಣಿಯವನು. ನಾನು ನಲವತ್ತು ಮೀಟರ್ ಬಿಟ್ಟಿದ್ದೇನೆ, ನೀವೆಷ್ಟು ಬಿಟ್ಟಿದ್ದೀರಿ? ರಾತ್ರಿ ಗಾಳಿ ತಿರುಗುತ್ತದಂತೆ, ಲಂಗರಿನ ಸುತ್ತ ದೋಣಿ ತಿರುಗುವಾಗ ಇಬ್ಬರ ಸುತ್ತು ಎಲ್ಲಿ ಸೇರುತ್ತದೆ ಎಂದು ನೋಡಿಕೊಳ್ಳೋಣ ಅಂತ ಬಂದೆ," ಎಂದೆ. ಅವನ ಮುಖದಲ್ಲಿ ಮೊದಲು ಗಾಬರಿ ಕಂಡಿತು, ಆಮೇಲೆ ಸಮಾಧಾನ. ದೋಣಿ ಕೊಂಡು ಎರಡು ತಿಂಗಳು, ರಾತ್ರಿ ತಂಗುತ್ತಿರುವುದು ಇದೇ ಮೊದಲು ಎಂದ. ಈ ದೇಶದಲ್ಲಿ ವಿಹಾರದ ದೋಣಿ ನಡೆಸಲು ಲೈಸೆನ್ಸ್ ಬೇಡ. ಕೋಸ್ಟ್‌ಗಾರ್ಡ್ ಸಂಸ್ಥೆ ಡೇ ಸ್ಕಿಪ್ಪರ್, ಬೋಟ್‌ಮಾಸ್ಟರ್ ಎಂಬ ತರಗತಿಗಳನ್ನು ನಡೆಸುತ್ತದೆ, ಆದರೆ ಕಲಿಯುವುದು ಬಿಡುವುದು ಕೊಂಡವರಿಗೆ ಬಿಟ್ಟದ್ದು. ಆತನ ತಪ್ಪು ತಿಳಿಯದ್ದರಿಂದ ಆದದ್ದು. ಅಂಥವರನ್ನು ಎಲ್ಲರೆದುರು ಗದರಿಸಿದರೆ ಅವರು ಕಲಿಯುವುದು ಅವಮಾನವನ್ನೇ ಹೊರತು ಲಂಗರು ಹಾಕುವುದನ್ನಲ್ಲ.

ನಾನು ಗಂಗೊಳ್ಳಿಯವನು. ಪಂಚಗಂಗಾವಳಿಯ ಅಳಿವೆಯ ಒಳಗೆ, ಜೂನ್-ಜುಲೈಯ ಟ್ರಾಲಿಂಗ್ ನಿಷೇಧದ ದಿನಗಳಲ್ಲಿ, ಬೋಟುಗಳನ್ನು ಒಂದಕ್ಕೊಂದು ಹಗ್ಗದಿಂದ ಬಿಗಿದು ನಿಲ್ಲಿಸುವುದನ್ನು ನೋಡಿ ಬೆಳೆದವನು. ನಡುವೆ ಹಳೆಯ ಟಯರುಗಳು ತೂಗುತ್ತಿರುತ್ತವೆ, ಬೋಟಿನಿಂದ ಬೋಟಿಗೆ ದಾಟುತ್ತ ದಡ ಸೇರಬಹುದು. ಎಲ್ಲವೂ ಕಟ್ಟಿಕೊಂಡಿರುವುದರಿಂದ ಎಲ್ಲವೂ ಒಟ್ಟಿಗೇ ಏರಿ ಒಟ್ಟಿಗೇ ಇಳಿಯುತ್ತವೆ. ಆ ಕಣ್ಣಿನಿಂದ ನೋಡಿಯೇ ನಾನು ಇಲ್ಲಿ ಮೊದಲ ವರ್ಷ ಒಬ್ಬ ಮುದುಕರ ಹಾಯಿದೋಣಿಗೆ ತೀರ ಸಮೀಪ ಲಂಗರು ಹಾಕಿದ್ದೆ. ಒಂದೊಂದು ದೋಣಿಯೂ ತನ್ನ ಒಂಟಿ ಲಂಗರಿನ ಸುತ್ತ ತಿರುಗುವ ಕಡೆ ಹತ್ತಿರವೆಂಬ ಮಾತಿಗೆ ಬೇರೆಯೇ ಅರ್ಥವಿದೆ ಎಂಬುದನ್ನು ಅವರೇ ಬಂದು, ಕಾಗದದ ಮೇಲೆ ಎರಡು ವೃತ್ತ ಬರೆದು ತೋರಿಸಿಕೊಟ್ಟರು. ಕೀಲ್, ಅಂದರೆ ತಳದಡಿಯ ರೆಕ್ಕೆ, ಆಳಕ್ಕೆ ಇಳಿದಿರುವ ಹಾಯಿದೋಣಿ ನೀರಿನ ಸೆಳೆತದ ಮಾತು ಕೇಳುತ್ತದೆ, ತಳ ಆಳವಿಲ್ಲದ ಮೋಟಾರು ದೋಣಿ ಗಾಳಿಯ ಮಾತು ಕೇಳುತ್ತದೆ. ಇಳಿತ ಭರತಕ್ಕೆ ತಿರುಗುವ ಹೊತ್ತಿನಲ್ಲಿ ಒಂದು ಪೂರ್ವಕ್ಕೆ, ಇನ್ನೊಂದು ಪಶ್ಚಿಮಕ್ಕೆ ಮುಖ ಮಾಡಿ ನಿಲ್ಲುವುದುಂಟು. ಆ ಕಾಗದವನ್ನು ಈಗಲೂ ನಕ್ಷೆಗಳ ಡ್ರಾಯರಿನಲ್ಲಿಟ್ಟಿದ್ದೇನೆ. ನಿನ್ನೆ ಯುವಕನಿಗೂ ಅದನ್ನೇ ಬರೆದು ತೋರಿಸಿದೆ.

ಅವನು ಲಂಗರು ಎತ್ತಿ, ಎಪ್ಪತ್ತು ಮೀಟರ್ ಆಚೆ ಹೋಗಿ, ನಾನು ಹೇಳಿದಂತೆ ದೋಣಿಯನ್ನು ಪೂರ್ತಿ ನಿಲ್ಲಿಸಿ ಲಂಗರು ಇಳಿಸಿದ. ಹಿಂದಕ್ಕೆ ತೇಲುತ್ತ ಸರಪಳಿಯನ್ನು ಉದ್ದಕ್ಕೆ ಹಾಸಿದ. ಆಮೇಲೆ ಎಂಜಿನ್ನನ್ನು ಹಿಮ್ಮುಖದಲ್ಲಿ ಅರ್ಧ ನಿಮಿಷ ಓಡಿಸಿ, ದಡದ ಒಂದು ಮರವನ್ನೂ ಅದರ ಹಿಂದಿನ ಗುಡ್ಡದ ಬಂಡೆಯನ್ನೂ ಒಂದೇ ಗೆರೆಗೆ ತಂದು ನೋಡಿದ. ಗೆರೆ ಕದಲದಿದ್ದರೆ ಲಂಗರು ನೆಲ ಕಚ್ಚಿದೆ ಎಂದು ಅರ್ಥ. ಹತ್ತು ನಿಮಿಷದ ಕೆಲಸ.

ಎಲ್ಲರೂ ತಿಳಿಯದವರಲ್ಲ. ಇದನ್ನು ಬರೆಯುವಾಗ ಈಗಲೂ ಕೈ ಬಿಗಿಯುತ್ತದೆ. ನಾಲ್ಕು ಗಂಟೆಗೆ ಮಗಳು ಒಲೆಯ ಮುಂದೆ ನಿಂತು ಕುಚ್ಚಲಕ್ಕಿ ಗಂಜಿ ಬಸಿಯುತ್ತಿದ್ದಳು. ಹದಿನೈದು ಮೀಟರಿಗೂ ಉದ್ದದ ಒಂದು ಭಾರಿ ಮೋಟಾರು ದೋಣಿ ನಮ್ಮಿಂದ ಇಪ್ಪತ್ತು ಮೀಟರಿನಾಚೆ, ಮೂತಿ ಎತ್ತಿಕೊಂಡು, ವೇಗ ತಗ್ಗಿಸದೆ ಹಾದುಹೋಯಿತು. ಇನ್ನೊಂದು ದೋಣಿಯಿಂದಾಗಲಿ ಈಜುವವರಿಂದಾಗಲಿ ಐವತ್ತು ಮೀಟರಿನೊಳಗೆ, ದಡದಿಂದ ಇನ್ನೂರು ಮೀಟರಿನೊಳಗೆ ಐದು ನಾಟ್ (ಗಂಟೆಗೆ ಸುಮಾರು ಒಂಬತ್ತು ಕಿಲೋಮೀಟರ್) ಮೀರಬಾರದೆಂಬುದು ಇಲ್ಲಿಯ ಕಾನೂನು. ಮೊದಲ ಅಲೆಗೆ ನಮ್ಮ ದೋಣಿ ಬಲಕ್ಕೆ ವಾಲಿತು, ಎರಡನೆಯದಕ್ಕೆ ಎಡಕ್ಕೆ. ತಪ್ಪಲೆ ಜಾರಿ, ಕುದಿಯುವ ತಿಳಿ ನೆಲಕ್ಕೆ ಚೆಲ್ಲಿತು. ಮಗಳು ಕಾಲನ್ನು ಹಿಂದಕ್ಕೆ ಎಳೆದುಕೊಂಡಳು. ಒಂದು ಗೇಣಿನ ಅಂತರದಲ್ಲಿ ಉಳಿದಳು. "ಏನಾಗಿಲ್ಲ ಅಪ್ಪಯ್ಯ," ಎಂದು ಅವಳೇ ನನ್ನನ್ನು ಸಮಾಧಾನ ಮಾಡಬೇಕಾಯಿತು. ನೆಲದ ಹಲಗೆಗಳ ಸಂದಿನಲ್ಲಿ ಸಿಕ್ಕಿಕೊಂಡ ಅಗುಳುಗಳು ಈಗಲೂ ಅಲ್ಲಿವೆ.

ಅದೇ ದೋಣಿ ತಿರುಗಿ ಬಂದು, ನಮ್ಮ ಹಿಂದೆ, ನಮ್ಮ ವೃತ್ತದ ಒಳಗೇ ಲಂಗರು ಹಾಕಿತು. ಹೋಗಿ ಮಾತನಾಡಿದೆ. ಮೊದಲು ಅಲೆಯ ವಿಷಯ ಎತ್ತದೆ, ಸರಪಳಿಯ ಉದ್ದ ಕೇಳಿದೆ. ನಡೆಸುವಾತ ನನ್ನ ವಯಸ್ಸಿನವನೇ, ಕೆಲಸ ಚೆನ್ನಾಗಿ ಬಲ್ಲವನೆಂಬುದು ಲಂಗರು ಹಾಕಿದ ರೀತಿಯಲ್ಲೇ ಗೊತ್ತಾಗುತ್ತಿತ್ತು. "ಇದು ಎಲ್ಲರ ನೀರು, ನಿಮಗೆ ತೊಂದರೆಯಾದರೆ ನೀವು ಸರಿಯಿರಿ," ಎಂದ. ಮೊದಲು ಲಂಗರು ಹಾಕಿದವನ ಸುತ್ತಿಗೆ ಆಮೇಲೆ ಬಂದವನು ಜಾಗ ಬಿಡಬೇಕೆಂಬುದು ಯಾವ ಸಮುದ್ರದಲ್ಲೂ ನಡೆದುಬಂದ ನಡಾವಳಿ. ಅದನ್ನು ಹೇಳಿದೆ, ಅಲೆಯಿಂದ ಆದದ್ದನ್ನೂ ಹೇಳಿದೆ. ಅವನು ಒಳಗೆ ಹೋದ.

ನಾವು ಸರಿದೆವು. "ಮೊದಲು ಬಂದವರು ನಾವಲ್ಲವೇನ್ರೀ, ನಾವ್ಯಾಕೆ ಹೋಗಬೇಕು?" ಎಂದು ಹೆಂಡತಿ ನೊಂದುಕೊಂಡಳು. ಅವಳು ಹೇಳಿದ್ದು ನ್ಯಾಯವೇ. ಆದರೆ ಕತ್ತಲಲ್ಲಿ ಇಪ್ಪತ್ತು ಟನ್ನಿನ ದೋಣಿ ಮೈಮೇಲೆ ಬರುವಾಗ ನ್ಯಾಯ ನಮ್ಮ ಕಡೆಗಿದೆ ಎಂಬುದರಿಂದ ಚುಕ್ಕಾಣಿ ಉಳಿಯುವುದಿಲ್ಲ, ಮತ್ತು ದೋಣಿಯಲ್ಲಿ ಮಗಳಿದ್ದಾಳೆ. ಸಂಜೆ ಐದಕ್ಕೆ ಲಂಗರು ಎತ್ತಿದೆ. ಮೇಲೆ ಬಂದಾಗ ಕೊಕ್ಕೆಗೆ ಸಿಕ್ಕಿದ್ದ ಪಾಚಿಯನ್ನು ಎಳೆ ಎಳೆಯಾಗಿ ಬಿಡಿಸಿ ನೋಡಿದೆ. 2021ರಲ್ಲಿ ಗ್ರೇಟ್ ಬ್ಯಾರಿಯರ್ ದ್ವೀಪದಲ್ಲಿ ಕಾಲರ್ಪಾ ಎಂಬ ಹೊರನಾಡಿನ ಪಾಚಿ ಕಂಡುಬಂದಾಗಿನಿಂದ ಇದನ್ನು ತಪ್ಪದೆ ಮಾಡುತ್ತೇನೆ. ಅದರ ಒಂದು ತುಣುಕು ಲಂಗರಿಗೆ ಅಂಟಿ ಇನ್ನೊಂದು ಕೊಲ್ಲಿಗೆ ಹೋದರೆ ಅಲ್ಲಿಯ ನೆಲವನ್ನೆಲ್ಲ ಹೊದೆದುಬಿಡುತ್ತದೆ. ಗಡಿಬಿಡಿಯಲ್ಲಿ ಲಂಗರು ಕಿತ್ತುಕೊಂಡು ಓಡುವವರು ಸುತ್ತಲಿನ ದೋಣಿಗಳಿಗಷ್ಟೇ ಅಲ್ಲ, ನೀರಿನ ತಳಕ್ಕೂ ಹಾನಿ ಮಾಡುತ್ತಾರೆ.

ಕತ್ತಲಾದ ಮೇಲೆ ಆ ದೊಡ್ಡ ದೋಣಿಯ ತಳದಲ್ಲಿ ನೀಲಿ ದೀಪಗಳು ಹತ್ತಿಕೊಂಡವು, ಕಟಕಟೆಯ ಉದ್ದಕ್ಕೂ ಬಣ್ಣದ ಸರಗಳು ಮಿನುಗಿದವು. ಲಂಗರು ಹಾಕಿದ ದೋಣಿ ತೋರಿಸಬೇಕಾದ, ಎಲ್ಲ ದಿಕ್ಕಿಗೂ ಕಾಣುವ ಒಂದು ಬಿಳಿ ದೀಪ ಮಾತ್ರ ಇರಲಿಲ್ಲ. ಹತ್ತು ಗಂಟೆಗೆ ಸರಗಳೂ ಆರಿದ ಮೇಲೆ ಅದು ಬರೀ ಕಪ್ಪು ಗುಡ್ಡೆ. ಚಂದ್ರ ಮುಳುಗುತ್ತಿದ್ದ ಹೊತ್ತಿನಲ್ಲಿ ದೀಪವಿಲ್ಲದ ಡಿಂಗಿಯೊಂದು ನಗುವ ಹುಡುಗರನ್ನು ತುಂಬಿಕೊಂಡು ಭರ್ರೆಂದು ಅದರ ಪಕ್ಕದಲ್ಲೇ ಹೋಯಿತು. ಅವರು ಅದನ್ನು ನೋಡಿದ್ದರೋ ಇಲ್ಲವೋ.

ಗಾಳಿ ತಿರುಗಿದ್ದು ಹನ್ನೊಂದಕ್ಕೆ. ಹಗಲೆಲ್ಲ ಈಶಾನ್ಯದಿಂದ ಮೆಲ್ಲಗೆ ಬೀಸುತ್ತಿದ್ದದ್ದು ಐದು ನಿಮಿಷ ಸತ್ತಂತೆ ನಿಂತು, ಆಮೇಲೆ ನೈಋತ್ಯದಿಂದ ಗುಡ್ಡದ ಇಳಿಜಾರಿನಲ್ಲಿ ರಭಸವಾಗಿ ಇಳಿಯಿತು. ನಲವತ್ತು ದೋಣಿಗಳೂ ಕತ್ತಲಲ್ಲಿ ಅರ್ಧ ಸುತ್ತು ತಿರುಗಿದವು. ನಾನು ಮೂತಿಯ ಬಳಿ ಹೋಗಿ ಸರಪಳಿಯ ಮೇಲೆ ಅಂಗೈ ಇಟ್ಟೆ. ಲಂಗರು ಜಾರುತ್ತಿದ್ದರೆ ಸರಪಳಿಯಲ್ಲಿ ಗುಡುಗುಡು ಅದುರು ಬರುತ್ತದೆ, ಕಲ್ಲುದಾರಿಯಲ್ಲಿ ಗಾಡಿ ಹೋದಂತೆ. ಕಚ್ಚಿ ಹಿಡಿದಿದ್ದರೆ ನಿಧಾನವಾಗಿ ಬಿಗಿದು, ನಿಧಾನವಾಗಿ ಸಡಿಲವಾಗುತ್ತದೆ. ನಮ್ಮದು ಹಿಡಿದಿತ್ತು. ಟಾರ್ಚು ಬಿಟ್ಟು ನೋಡಿದರೆ ಯುವಕನ ದೋಣಿಯೂ ನೆಟ್ಟಗೆ ನಿಂತಿತ್ತು, ಅವನು ಮೂತಿಯಲ್ಲಿ ಕಂಬಳಿ ಹೊದ್ದು ಕಾವಲು ಕೂತಿದ್ದ. ದೊಡ್ಡ ದೋಣಿ ತನ್ನ ಸುತ್ತು ಮುಗಿಸಿ ಬಂದು ನಿಂತದ್ದು ನಾವು ಐದು ಗಂಟೆಯವರೆಗೆ ಇದ್ದ ಜಾಗದಲ್ಲೇ. ಹೆಂಡತಿಯನ್ನು ಕರೆದು ತೋರಿಸಿದೆ. ಅವಳು ಏನೂ ಹೇಳದೆ ನನ್ನ ತೋಳು ಹಿಡಿದುಕೊಂಡಳು.

ಜಾರಿದ್ದು ಯಾರೂ ಎಣಿಸದಿದ್ದ ಒಂದು ಹಳೆಯ ಹಾಯಿದೋಣಿ. ಅದರ ಗಂಡಹೆಂಡಿರಿಬ್ಬರೂ ಎಪ್ಪತ್ತರ ಆಚೆಯವರು, ಎಲ್ಲವನ್ನೂ ಕ್ರಮವಾಗಿಯೇ ಮಾಡಿದ್ದರು, ಸಂಜೆ ನಾನೇ ನೋಡಿದ್ದೆ. ಅದು ಅಡ್ಡಲಾಗಿ ತೇಲುತ್ತ ಯುವಕನ ಕಡೆಗೆ ಹೋಗುತ್ತಿತ್ತು. ನಾನು ಐದು ಸಲ ಹಾರ್ನ್ ಒತ್ತಿದೆ. ಯುವಕ ಡಿಕ್ಕಿಯ ಪೆಟ್ಟು ತಾಳುವ ಮೆತ್ತೆಗಳಾದ ಫೆಂಡರುಗಳನ್ನು ಪಕ್ಕಕ್ಕೆ ತೂಗಿಬಿಟ್ಟು, ಬರುತ್ತಿದ್ದ ದೋಣಿಯ ಕಂಬಿಯನ್ನು ಹಿಡಿದು, ಅದರವರು ಎದ್ದು ಎಂಜಿನ್ ಹಚ್ಚುವವರೆಗೆ ಕೈಯಲ್ಲೇ ತಡೆದು ನಿಲ್ಲಿಸಿದ. ನಾನು ಡಿಂಗಿಯಲ್ಲಿ ಹೋಗಿ ಲಂಗರು ಎತ್ತಲು ಕೈ ಕೊಟ್ಟೆ. ಕೊಕ್ಕೆಗೆ ಯಾರೋ ಬಿಟ್ಟುಹೋದ ದಪ್ಪ ಹಗ್ಗದ ಉಂಡೆ ಸಿಕ್ಕಿಕೊಂಡಿತ್ತು, ಕೆಸರಿನಲ್ಲಿ ಕಪ್ಪಾಗಿ, ಒಬ್ಬ ಎತ್ತಲಾರದಷ್ಟು ಭಾರ. ಅದನ್ನು ಚಾಕುವಿನಿಂದ ಕುಯ್ದು ನಮ್ಮ ದೋಣಿಯ ಹಿಂಬದಿಯಲ್ಲಿ ಹಾಕಿಕೊಂಡಿದ್ದೇನೆ, ಮತ್ತೆ ನೀರಿಗೆ ಬಿಡುವಂತಿಲ್ಲ. ಅವರು ಇನ್ನೊಂದು ಕಡೆ ಲಂಗರು ಹಾಕಿ, ಅದು ಕಚ್ಚಿದೆಯೆಂದು ಖಾತ್ರಿಯಾಗುವ ಹೊತ್ತಿಗೆ ಎರಡು ಗಂಟೆ ದಾಟಿತ್ತು.

ಇದೀಗ ದೊಡ್ಡ ದೋಣಿ ಲಂಗರು ಎತ್ತಿ ಹೊರಟಿತು. ಈ ಸಲ ನಿಧಾನವಾಗಿ ಹೋಯಿತು. ನನ್ನ ಮಾತು ತಾಗಿತೋ, ಬೆಳಗಿನ ಹೊತ್ತೆಂದೋ ತಿಳಿಯದು. ಹೋಗುವಾಗ ಕೈ ಎತ್ತಿದ, ನಾನೂ ಎತ್ತಿದೆ. ಇವತ್ತಿನ ಇಳಿತ ಮೂರರ ಮೇಲೆ, ನಿನ್ನೆಯಂತೆಯೇ ಅಷ್ಟು ಹೊತ್ತಿಗೆ ಹೊಸಬರು ಬರತೊಡಗುತ್ತಾರೆ. ಡಿಂಗಿಯನ್ನು ಮೇಲೆ ಎತ್ತಿ ಕಟ್ಟಿಲ್ಲ, ನೀರಿನಲ್ಲೇ ಬಿಟ್ಟಿದ್ದೇನೆ. ಕಾಗದ, ಪೆನ್ಸಿಲ್ಲು ಅದರಲ್ಲೇ ಇವೆ.