ತೋಟದ ಲೆಕ್ಕದಲ್ಲಿ ಜೇನಿನ ಹೆಸರೇ ಇಲ್ಲ

ಅಡಿಕೆ ಮಂಡಿಗೆ ಹೋಗಿ ದುಡ್ಡು ಕೈಗೆ ಬಂದ ಮೇಲೆ ನಮ್ಮ ಕಡೆ ಪ್ರತಿ ಮನೆಯಲ್ಲೂ ಒಂದು ಲೆಕ್ಕ ನಡೆಯುತ್ತದೆ. ಗೊಬ್ಬರಕ್ಕೆ ಇಷ್ಟು, ಔಷಧಿ ಹೊಡೆಸಿದ್ದಕ್ಕೆ ಇಷ್ಟು, ಕೊನೆ ಇಳಿಸಿದವರಿಗೆ ಇಷ್ಟು, ಸುಲಿತಕ್ಕೆ ಇಷ್ಟು, ಪಂಪ್‌ಸೆಟ್ ರಿಪೇರಿಗೆ ಇಷ್ಟು. ಉಳಿದಿದ್ದು ನೋಡಿ ಒಂದು ನಿಟ್ಟುಸಿರು. ಹೂವು ಕಾಯಿ ಆಗುವುದಕ್ಕೆ ಎಷ್ಟು ಖರ್ಚಾಯಿತು ಅನ್ನುವ ಸಾಲು ಮಾತ್ರ ಯಾರ ಪುಸ್ತಕದಲ್ಲೂ ಇಲ್ಲ. ಆ ಕೆಲಸಕ್ಕೆ ನಾವು ಕೂಲಿ ಕೊಟ್ಟವರೇ ಅಲ್ಲ.

ಒಂದು ಬೆಳೆಗೆ ಮಾತ್ರ ಕೊಟ್ಟಿದ್ದೇವೆ. ವೆನಿಲ್ಲಾ. 2003ರ ಸುಮಾರಿಗೆ ಅದರ ರೇಟು ಆಕಾಶಕ್ಕೆ ಏರಿತ್ತಲ್ಲ, ಆಗ ಮಲೆನಾಡಿನ ಎಷ್ಟೋ ತೋಟದಲ್ಲಿ ಹೆಂಗಸರು ಬೆಳಿಗ್ಗೆ ಬೆಳಿಗ್ಗೆ ಮೊನಚು ಕಡ್ಡಿ ಹಿಡಿದು ಬಳ್ಳಿಯಿಂದ ಬಳ್ಳಿಗೆ ಹೋಗುತ್ತಿದ್ದರು. ವೆನಿಲ್ಲಾದ ತವರು ಮೆಕ್ಸಿಕೋ ಕಡೆಯ ಕಾಡು. ಬಳ್ಳಿ ಇಲ್ಲಿಗೆ ಬಂತು, ಅದರ ಪರಾಗ ಸಾಗಿಸುವ ಹುಳು ಬರಲಿಲ್ಲ. ಹೂವಿನಲ್ಲಿ ಗಂಡು ಭಾಗ, ಹೆಣ್ಣು ಭಾಗ ಎರಡೂ ಇವೆ, ಆದರೆ ನಡುವೆ ಒಂದು ತೆಳು ಪರದೆ. ಕಡ್ಡಿಯಿಂದ ಆ ಪರದೆ ಮೇಲೆತ್ತಿ, ಪರಾಗದ ಮುದ್ದೆಯನ್ನು ಹೆಬ್ಬೆರಳಲ್ಲಿ ಮೆಲ್ಲಗೆ ಒತ್ತಿದರೆ ಮಾತ್ರ ಕೋಡು ಕಚ್ಚುತ್ತದೆ. ಹೂ ಅರಳಿರುವುದು ಒಂದೇ ದಿನ, ಅದನ್ನೂ ಮಧ್ಯಾಹ್ನದೊಳಗೆ ಮುಗಿಸಬೇಕು. ಈ ಉಪಾಯ ಕಂಡುಹಿಡಿದವನು ರಿಯೂನಿಯನ್ ದ್ವೀಪದಲ್ಲಿ ಗುಲಾಮನಾಗಿದ್ದ ಎಡ್ಮಂಡ್ ಆಲ್ಬಿಯಸ್ ಎಂಬ ಹುಡುಗ, 1841ರಲ್ಲಿ, ಆಗ ಅವನಿಗೆ 12 ವರ್ಷ. ಇವತ್ತಿಗೂ ಜಗತ್ತಿನ ವೆನಿಲ್ಲಾ ಹೆಚ್ಚುಕಮ್ಮಿ ಅದೇ ವಿಧಾನದಲ್ಲಿ ಬೆಳೆಯುತ್ತಿದೆ.

ರೇಟು ಬಿದ್ದಿದ್ದೇ ತಡ ನಮ್ಮವರು ವೆನಿಲ್ಲಾ ಬಿಟ್ಟರು. ರೋಗ ಒಂದು ಕಾರಣ, ಸರಿ. ಆದರೆ ರೇಟಿಲ್ಲದ ಬೆಳೆಗೆ ಒಂದೊಂದು ಹೂವಿಗೂ ಕೂಲಿ ಕೊಡುವುದು ಯಾರಿಗೆ ಆದೀತು? ಪರಾಗಸ್ಪರ್ಶದ ಬೆಲೆ ಎಷ್ಟು ಅಂತ ಯಾರಾದರೂ ಕೇಳಿದರೆ ನಾನು ಹೇಳುವ ಉತ್ತರ ಇದು. ಹುಳು ಇಲ್ಲದ ಬೆಳೆ ಹೇಗಿರುತ್ತದೆ ಅಂತ ನಾವು ಒಮ್ಮೆ ನಮ್ಮ ತೋಟದಲ್ಲೇ ನೋಡಿ ಆಗಿದೆ.

ಹಾಗಂತ ಎಲ್ಲದಕ್ಕೂ ಜೇನು ಬೇಕು ಅನ್ನುವುದೂ ಸುಳ್ಳು. ಭತ್ತಕ್ಕೆ ಬೇಡ. ಕಾಳುಮೆಣಸಿಗೆ ಸಮಯಕ್ಕೆ ಸರಿಯಾಗಿ ಮಳೆ ಬಿದ್ದರೆ ಹೆಚ್ಚಿನ ಕೆಲಸ ಆಗಿಹೋಗುತ್ತದೆ. ಇನ್ನು ಅಡಿಕೆ. ಸಿಂಗಾರ ಒಡೆದಾಗ ಮರದ ತುದಿಯಲ್ಲಿ ಜೇನು ಗುಂಯ್‌ಗುಡುವುದನ್ನು ಎಲ್ಲರೂ ಕೇಳಿರುತ್ತೇವೆ, ಆದರೆ ಅವು ಮುತ್ತುವುದು ಗಂಡು ಹೂವಿನ ಪರಾಗಕ್ಕೆ. ಒಂದೇ ಸಿಂಗಾರದಲ್ಲಿ ಮೊದಲು ಗಂಡು ಹೂಗಳು ವಾರಗಟ್ಟಲೆ ಅರಳುತ್ತವೆ, ಅವು ಮುಗಿದ ಮೇಲೆ ಹೆಣ್ಣು ಹೂಗಳ ಸರದಿ, ಅದೂ ಕೆಲವೇ ದಿನ. ಅಡಿಕೆಯ ಪರಾಗ ಸಾಗಿಸುವುದರಲ್ಲಿ ಗಾಳಿಯದೇ ದೊಡ್ಡ ಪಾಲು. ಜೇನು ಇದ್ದರೆ ಒಳ್ಳೆಯದು, ಇಲ್ಲದಿದ್ದರೆ ತೋಟ ಮುಳುಗುವುದಿಲ್ಲ. ನಮಗೆ ಜೇನು ಮರೆತುಹೋಗಿದ್ದು ಇದರಿಂದಲೇ ಇರಬೇಕು, ಮಲೆನಾಡಿನ ಜೀವನ ನಿಂತಿರುವುದು ಗಾಳಿ ನೋಡಿಕೊಳ್ಳುವ ಒಂದು ಬೆಳೆಯ ಮೇಲೆ ಅಲ್ವಾ.

ಆದರೆ ಅಡಿಕೆ ಒಂದನ್ನೇ ನಂಬಬೇಡಿ, ಮಧ್ಯೆ ಇನ್ನೊಂದು ಬೆಳೆ ಹಾಕಿ ಅಂತ ಎಲ್ಲರೂ ಹೇಳುತ್ತಾರಲ್ಲ, ಆ ಇನ್ನೊಂದು ಬೆಳೆಗಳ ಪಟ್ಟಿ ನೋಡಿ: ಏಲಕ್ಕಿ, ಕಾಫಿ, ಕೋಕೋ, ಜಾಯಿಕಾಯಿ. ಕಾಫಿಯ ಒಂದು ಜಾತಿ ಬಿಟ್ಟರೆ ಎಲ್ಲದಕ್ಕೂ ಹುಳುವಿನ ಸಹಾಯ ಬೇಕು.

ಏಲಕ್ಕಿ ಹೂವನ್ನು ಒಮ್ಮೆ ಕುಕ್ಕರುಗಾಲಲ್ಲಿ ಕೂತು ನೋಡಬೇಕು. ನಮ್ಮ ಕಡೆಯ ತಳಿಯಲ್ಲಿ ಹೂಗೊಂಚಲು ಬುಡದಿಂದ ಹೊರಟು ನೆಲದ ಮೇಲೇ ಮಲಗಿರುತ್ತದೆ. ಬೆಳಗಿನ ಜಾವ ಅರಳುವ ಬಿಳಿ ಹೂವು, ಕೆಳಗೆ ತುಟಿಯಂತೆ ಚಾಚಿದ ಎಸಳು, ಅದರ ಮೇಲೆ ನೇರಳೆ ಗೆರೆಗಳು. ಆ ಗೆರೆಗಳೆಲ್ಲ ಒಳಗೆ ರಸ ಇರುವ ಜಾಗಕ್ಕೇ ಹೋಗಿ ಸೇರುತ್ತವೆ. ನಾವು ಪೆಟ್ಟಿಗೆಯಲ್ಲಿ ಸಾಕುವ ತುಡುವೆ ಜೇನು ತುಟಿಯ ಮೇಲೆ ಇಳಿದು, ಗೆರೆ ಹಿಡಿದು ತಲೆ ಒಳಗೆ ತೂರಿಸುತ್ತದೆ. ಆಗ ಅದರ ಬೆನ್ನು ಮೇಲಿನ ಪರಾಗಕ್ಕೆ ಉಜ್ಜುತ್ತದೆ. ಮುಂದಿನ ಹೂವಿಗೆ ಹೋದಾಗ ಬೆನ್ನಿನ ಪುಡಿ ಅಲ್ಲಿಯ ಹೆಣ್ಣು ಭಾಗಕ್ಕೆ ತಾಗುತ್ತದೆ. ಈ ಪರಾಗ ಅಂಟಂಟು, ಗಾಳಿಗೆ ಹಾರುವುದಿಲ್ಲ. ಹೆಣ್ಣು ಭಾಗ ಪರಾಗದ ಚೀಲಕ್ಕಿಂತ ಮೇಲಿರುವುದರಿಂದ ತಾನಾಗಿ ಉದುರಿ ಬೀಳುವ ಮಾತೂ ಇಲ್ಲ. ಸಂಜೆಯ ಹೊತ್ತಿಗೆ ಹೂ ಬಾಡುತ್ತದೆ. ಅಷ್ಟರೊಳಗೆ ಯಾರೂ ಬರಲಿಲ್ಲ ಅಂದರೆ ಆ ಹೂವಿನ ಕಥೆ ಮುಗಿಯಿತು. ಬಲೆ ಕಟ್ಟಿ ಜೇನು ತಡೆದ ಗೊಂಚಲಲ್ಲಿ ಕಾಯಿ ಕಚ್ಚುವುದು ತೀರಾ ಅಪರೂಪ. ಇಷ್ಟರ ಮೇಲೆ ಏಲಕ್ಕಿ ಹೂ ಬಿಡುವುದೇ ಮಳೆಗಾಲದಲ್ಲಿ, ಜೇನು ಗೂಡು ಬಿಟ್ಟು ಹೊರಡಲಾಗದ ತಿಂಗಳುಗಳಲ್ಲಿ. ಬಿಸಿಲು ಹೊಳವಾದ ಒಂದೆರಡು ಗಂಟೆಯಲ್ಲಿ ಏನು ಆಗುತ್ತದೋ ಅದೇ ಆ ದಿನದ ಬೆಳೆ.

ಕಾಫಿಯದು ಇನ್ನೊಂದು ಬಗೆ. ಅರೇಬಿಕಾ ತನ್ನ ಪರಾಗದಲ್ಲೇ ಕಾಯಿ ಕಚ್ಚುತ್ತದೆ. ರೋಬಸ್ಟಾಕ್ಕೆ ಮಾತ್ರ ತನ್ನ ಪರಾಗ ಆಗುವುದೇ ಇಲ್ಲ, ಬೇರೆ ಗಿಡದ್ದೇ ಬರಬೇಕು. ಸ್ವಲ್ಪ ಗಾಳಿ ತರುತ್ತದೆ, ಉಳಿದದ್ದು ಜೇನಿನ ಕೆಲಸ. ಹೂಮಳೆ ಬಿದ್ದು ಒಂದು ವಾರ ಹತ್ತು ದಿನಕ್ಕೆ ಇಡೀ ತೋಟ ಒಟ್ಟಿಗೆ ಅರಳಿ, ಎರಡು ಮೂರು ದಿನಕ್ಕೆ ಎಲ್ಲ ಮುಗಿದು ಹೋಗುತ್ತದೆ. ಅಷ್ಟು ಹೂವಿಗೆ ಅಷ್ಟು ಬೇಗ ಓಡಾಡಬಲ್ಲ ಜೇನು ಎಲ್ಲಿಂದ ಬರಬೇಕು? ಕೊಡಗಿನ ತೋಟಗಳಲ್ಲಿ ಸಂಶೋಧಕರು ಕೂತು ನೋಡಿದಾಗ ಮುಖ್ಯವಾಗಿ ಕಂಡವು ಹೆಜ್ಜೇನು, ತುಡುವೆ, ಮುಳ್ಳಿಲ್ಲದ ಪುಟ್ಟ ಮಿಸ್ರಿ ಜೇನು. ಇದರಲ್ಲಿ ಹೆಜ್ಜೇನನ್ನು ಯಾರೂ ಪೆಟ್ಟಿಗೆಯಲ್ಲಿ ಸಾಕಿಲ್ಲ. ದೊಡ್ಡ ಮರದ ಕೊಂಬೆಗೆ, ಬಂಡೆಗೆ ಕಟ್ಟಿಕೊಂಡು, ಋತು ನೋಡಿ ಬಂದು ಹೋಗುವ ಜೇನು ಅದು.

ಕೋಸ್ಟಾರಿಕಾದ ಒಂದು ಕಾಫಿ ಎಸ್ಟೇಟಿನ ಲೆಕ್ಕ ನನಗೆ ತುಂಬಾ ಇಷ್ಟ. ಟೇಲರ್ ರಿಕೆಟ್ಸ್ ಎಂಬ ಸಂಶೋಧಕರು ಮತ್ತು ಅವರ ಜೊತೆಯವರು 2004ರಲ್ಲಿ ಪ್ರಕಟಿಸಿದ್ದು. ಕಾಡಿನಿಂದ ಸುಮಾರು ಒಂದು ಕಿಲೋಮೀಟರ್ ಒಳಗಿದ್ದ ಗಿಡಗಳಲ್ಲಿ ಇಳುವರಿ ಶೇ. 20 ಜಾಸ್ತಿ. ಒಂದೇ ಬೀಜ ಕೂತು ಗುಂಡಗಾಗುವ ಪೀಬೆರಿ ಶೇ. 27 ಕಮ್ಮಿ. ಪಕ್ಕದ ಎರಡು ಕಾಡಿನ ತುಂಡುಗಳು ಆ ಒಂದು ಎಸ್ಟೇಟಿಗೆ ವರ್ಷಕ್ಕೆ ಸುಮಾರು 60,000 ಡಾಲರ್ ದುಡಿದು ಕೊಡುತ್ತಿದ್ದವು. ಇಡೀ ಜಗತ್ತಿನ ಲೆಕ್ಕವೂ ಇದೆ: ಪ್ರಾಣಿ ಕೀಟಗಳ ಪರಾಗಸ್ಪರ್ಶಕ್ಕೆ ನೇರವಾಗಿ ಸೇರುವ ಬೆಳೆಯ ಬೆಲೆ ವರ್ಷಕ್ಕೆ 23,500 ಕೋಟಿಯಿಂದ 57,700 ಕೋಟಿ ಡಾಲರ್ ಅಂತ 2016ರ ಒಂದು ಅಂತರರಾಷ್ಟ್ರೀಯ ವರದಿ ಹೇಳುತ್ತದೆ. ಮುಖ್ಯ ಆಹಾರ ಬೆಳೆಗಳಲ್ಲಿ ನಾಲ್ಕರಲ್ಲಿ ಮೂರಕ್ಕೆ ಸ್ವಲ್ಪವಾದರೂ ಈ ಸಹಾಯ ಬೇಕಂತೆ. ಆದರೆ ಇಂಥ ದೊಡ್ಡ ಅಂಕಿ ಕೇಳಿ ಯಾವ ರೈತ ಏನು ಮಾಡಿಯಾನು? ಒಂದು ತೋಟ, ಒಂದು ಕಾಡು, ನಡುವಿನ ದೂರ ಇಷ್ಟು ಅಂದರೆ ನಮಗೂ ತಲೆಗೆ ಹೋಗುತ್ತದೆ.

ಹಿತ್ತಲಲ್ಲೂ ಇದೇ ಕಥೆ. ಕುಂಬಳ, ಸೌತೆ, ಹೀರೆ, ಮೊಗೆಕಾಯಿ, ಯಾವುದೇ ಬಳ್ಳಿ ನೋಡಿ, ಗಂಡು ಹೂ ಬೇರೆ ಹೆಣ್ಣು ಹೂ ಬೇರೆ. ಹೆಣ್ಣು ಹೂವಿನ ಬುಡದಲ್ಲೇ ಪುಟ್ಟ ಮಿಡಿ ಇರುತ್ತದೆ. ಜೇನು ಬರಲಿಲ್ಲ ಅಂದರೆ ಅದು ಹಳದಿಯಾಗಿ ಉದುರುತ್ತದೆ, ಅರೆಬರೆ ಬಂದರೆ ಸೌತೆಕಾಯಿ ಒಂದು ಕಡೆ ದಪ್ಪ ಒಂದು ಕಡೆ ಸಪೂರ ಸೊಟ್ಟಗಾಗುತ್ತದೆ. ಅದನ್ನು ನೋಡಿ ಗೊಬ್ಬರ ಸಾಲಲಿಲ್ಲ ಅಂತ ಇನ್ನೊಂದು ಬುಟ್ಟಿ ಸುರಿಯುತ್ತೇವೆ.

ಇಷ್ಟು ಹೊತ್ತು ಜೇನು ಜೇನು ಅಂದೆ. ಜೇನಿನ ಕೈಲಿ ಆಗದ ಕೆಲಸವೂ ಇದೆ. ಬದನೆ ಹೂವಿನ ನಡುವೆ ಹಳದಿ ಕೊಳವೆಗಳಿವೆಯಲ್ಲ, ಪರಾಗ ಅದರೊಳಗೆ, ಬಾಗಿಲು ತುದಿಯಲ್ಲಿ ಒಂದು ಸಣ್ಣ ತೂತು. ತುಡುವೆ ಎಷ್ಟು ಕೆದಕಿದರೂ ಸರಿಯಾಗಿ ಸಿಗುವುದಿಲ್ಲ. ಮರ ಕೊರೆಯುವ ಕಪ್ಪು ದುಂಬಿ, ಹೊಟ್ಟೆಯ ಮೇಲೆ ನೀಲಿ ಪಟ್ಟೆ ಇರುವ ಒಂಟಿ ಜೇನು ಬಂದು ಹೂವನ್ನು ಅಪ್ಪಿ ಹಿಡಿದು ಮೈ ಗಡಗಡ ನಡುಗಿಸುತ್ತವೆ. ಆ ಅದುರಿಗೆ ಉಪ್ಪಿನ ಡಬ್ಬಿ ಅಲ್ಲಾಡಿಸಿದ ಹಾಗೆ ಪರಾಗ ಉದುರುತ್ತದೆ. ಪಕ್ಕದಲ್ಲಿ ನಿಂತರೆ ಆ ಹೊತ್ತಿಗೆ ಗುಂಯ್ ಸದ್ದಿನ ಧಾಟಿಯೇ ಬದಲಾಗುವುದು ಕಿವಿಗೆ ಕೇಳುತ್ತದೆ. ದುಂಬಿಯ ಮನೆ ಒಣ ಬಿದಿರು, ಹಳೇ ತೊಲೆ. ನೀಲಿ ಪಟ್ಟೆಯದರ ಮನೆ ಮಣ್ಣಿನ ಗೋಡೆ, ಧರೆ ಅನ್ನುವ ಕಡಿದಾದ ಮಣ್ಣಿನ ದಿಬ್ಬ. ಜೆಸಿಬಿ ತಂದು ಧರೆ ಕಡಿದು ಕಾಂಕ್ರೀಟ್ ಮೆತ್ತುವಾಗ ಅದರೊಳಗೆ ಯಾರಿದ್ದರು ಅಂತ ಯಾರು ನೋಡುತ್ತಾರೆ?

ಕೋಕೋ ಹೂವಿಗೆ ಬರುವುದು ಸೊಳ್ಳೆಗಿಂತಲೂ ಪುಟ್ಟ ನೊಣ. ಅದು ಮರಿ ಮಾಡುವುದು ತೇವ ಇರುವ ಕೊಳೆತ ದರಗು, ಬಾಳೆದಿಂಡು, ಒಡೆದ ಕೋಕೋ ಸಿಪ್ಪೆಯಲ್ಲಿ. ತೋಟ ಗುಡಿಸಿ ಒಪ್ಪ ಮಾಡಿ ಇಟ್ಟವರಿಗೆ ಇದನ್ನು ಹೇಳಿದರೆ ಕೋಪ ಬರುತ್ತದೆ. ಜಾಯಿಕಾಯಿಯಲ್ಲಿ ಗಂಡು ಮರ ಬೇರೆ ಹೆಣ್ಣು ಮರ ಬೇರೆ, ಹತ್ತು ಹೆಣ್ಣಿಗೆ ಒಂದು ಗಂಡು ಇರಲಿ ಅನ್ನುತ್ತಾರೆ. ಎರಡರ ನಡುವೆ ಪರಾಗ ಸಾಗಿಸುವುದು ಇರುವೆಯಂತೆ ಕಾಣುವ ಸಣ್ಣ ಜೀರುಂಡೆ. ಮಾವಿಗೆ ನೊಣಗಳು ಬೇಕು, ನಾವು ಅಸಹ್ಯಪಡುವ ನೊಣವೂ ಸೇರಿ. ನಮ್ಮ ಅಪ್ಪೆಮಿಡಿ ಉಪ್ಪಿನಕಾಯಿಯ ಹಿಂದೆ ನೊಣದ ಪಾಲಿದೆ ಅಂತ ಊಟದ ಹೊತ್ತಿಗೆ ಹೇಳಬಾರದು ಅಷ್ಟೇ.

ಹಾಗಾಗಿ ಸಬ್ಸಿಡಿಯಲ್ಲಿ ಜೇನುಪೆಟ್ಟಿಗೆ ತಂದು ತೋಟದಲ್ಲಿಟ್ಟರೆ ಎಲ್ಲ ಸರಿಹೋಯಿತು ಅನ್ನುವುದನ್ನು ನಾನು ಒಪ್ಪುವುದಿಲ್ಲ. ಪೆಟ್ಟಿಗೆ ಬೇಕು. ಹಿಮಾಚಲದ ಸೇಬು ಬೆಳೆಗಾರರು ಹೂವಿನ ಕಾಲಕ್ಕೆ ಪೆಟ್ಟಿಗೆ ಬಾಡಿಗೆಗೆ ತರುತ್ತಾರೆ, ಕ್ಯಾಲಿಫೋರ್ನಿಯಾದ ಬಾದಾಮಿ ತೋಟದವರು ಒಂದೊಂದು ಜೇನುಕುಟುಂಬಕ್ಕೆ ಸುಮಾರು 200 ಡಾಲರ್ ಕೊಡುತ್ತಾರೆ. ಆದರೆ ಒಂದೇ ಜಾತಿಯನ್ನು ನಂಬಿ ಕೂತರೆ ಏನಾಗುತ್ತದೆ ಅಂತ 1991-92ರಲ್ಲಿ ದಕ್ಷಿಣ ಭಾರತ ನೋಡಿದೆ. ಥಾಯ್ ಸ್ಯಾಕ್‌ಬ್ರೂಡ್ ಅನ್ನುವ ವೈರಸ್ ಬಂತು. ಮರಿಹುಳುಗಳು ಕೋಶ ಕಟ್ಟುವ ಮೊದಲೇ ಒಳಗೆ ನೀರು ತುಂಬಿದ ಚೀಲದ ಹಾಗಾಗಿ ಸತ್ತವು. ಸಾಕಿದ ತುಡುವೆ ಕುಟುಂಬಗಳಲ್ಲಿ ಬಹುಪಾಲು ಹೋದವು. ಪೆಟ್ಟಿಗೆಗಳು ಅಟ್ಟ ಸೇರಿದವು.

ಪೆಟ್ಟಿಗೆ ಜೇನಾಗಲಿ ಕಾಡು ಜೇನಾಗಲಿ, ನಮ್ಮ ಬೆಳೆ ಹೂ ಬಿಡುವ ಹತ್ತು ದಿನ ಮಾತ್ರ ಉಂಡು ವರ್ಷವಿಡೀ ಬದುಕುವುದಿಲ್ಲ. ಉಳಿದ ದಿನಕ್ಕೆ ಅದಕ್ಕೆ ಬೇಕಾಗಿರುವುದು ತೋಟದ ಹಿಂದಿನ, ಗೊಬ್ಬರಕ್ಕೆ ಸೊಪ್ಪು ಕಡಿಯುವ ಸೊಪ್ಪಿನಬೆಟ್ಟ, ಕಾನು ಅನ್ನುವ ದಟ್ಟ ಕಾಡು. ನೇರಳೆ, ಮತ್ತಿ, ಅಂಟುವಾಳ, ಹೊಂಗೆ, ಗೇರು, ಒಂದು ಮುಗಿಯುವ ಹೊತ್ತಿಗೆ ಇನ್ನೊಂದು. ಸೊಪ್ಪಿನಬೆಟ್ಟವನ್ನು ನಾವು ಗೊಬ್ಬರಕ್ಕೆ ಅಂತಲೇ ಲೆಕ್ಕ ಹಿಡಿದಿದ್ದು. ಸೊಪ್ಪು ಕಡಿಯುವವರು ಕಮ್ಮಿಯಾದ ಮೇಲೆ ಬೆಟ್ಟ ಸುಮ್ನೆ ಬಿದ್ದಿದೆ, ಬೋಳಿಸಿ ಅಡಿಕೆ ಹಾಕೋಣ, ಅಕೇಶಿಯಾ ಹಾಕೋಣ ಅನ್ನುವ ಮಾತು ಶುರುವಾಗಿದೆ. ಏಲಕ್ಕಿ, ಕಾಫಿ ಹಾಕಿದವರಾದರೂ ಆ ಬೆಟ್ಟ ಸುಮ್ನೆ ಬಿದ್ದಿಲ್ಲ ಅಂತ ಹೇಳಬೇಕು.

ಔಷಧಿಯ ವಿಷಯಕ್ಕೆ ಬಂದರೆ, ನಾನು ಸಿಂಪಡಣೆಯ ವಿರೋಧಿ ಅಲ್ಲ. ಕೊಳೆರೋಗಕ್ಕೆ ಮೈಲುತುತ್ತ-ಸುಣ್ಣದ ಬೋರ್ಡೋ ದ್ರಾವಣ ಹೊಡೆಯದೆ ಮಲೆನಾಡಿನಲ್ಲಿ ಅಡಿಕೆ ಉಳಿಯುವುದಿಲ್ಲ. ಆದರೆ ಕೀಟನಾಶಕದ ಮಾತು ಬೇರೆ. ಅದನ್ನು ಹೂ ಇರುವಾಗ, ಜೇನು ಓಡಾಡುವ ಬೆಳಿಗ್ಗೆಯೇ ಹೊಡೆದರೆ ಅವತ್ತೇ ಪೆಟ್ಟಿಗೆಯ ಮುಂದೆ ಸತ್ತ ಜೇನಿನ ರಾಶಿ. ಪಕ್ಕದ ತೋಟದ ಭಾವನಿಗೆ ಇದನ್ನೇ ಹೇಳಿದೆ, ಸಂಜೆ ಹೊಡೆಸಿ ಅಂತ. "ಸಂಜೆ ಹೊಡೆಯಕ್ಕೆ ಆಳು ಎಲ್ಲಿ ಸಿಗ್ತಾರೆ ಮಾರಾಯ, ನಾಲ್ಕು ಗಂಟೆಗೆ ಎಲ್ಲ ಮನೆಗೆ ಹೊರಡ್ತಾರೆ" ಅಂದರು. ಮಾತು ನಿಜ. ಕೊನೆಗೆ ನಮ್ಮಿಬ್ಬರ ನಡುವೆ ಆದ ಒಪ್ಪಂದ ಇಷ್ಟು: ತರಕಾರಿಗೆ ಹೊಡೆಯುವ ಹಿಂದಿನ ದಿನ ಅವರು ಫೋನ್ ಮಾಡುತ್ತಾರೆ, ರಾತ್ರಿ ನಾನು ಪೆಟ್ಟಿಗೆಯ ಬಾಗಿಲಿಗೆ ಜಾಲರಿ ಹಾಕಿ ನೆರಳಲ್ಲಿಡುತ್ತೇನೆ, ಮರುದಿನ ಸಂಜೆ ತೆಗೆಯುತ್ತೇನೆ. ಧರೆಯಲ್ಲಿರುವ ಒಂಟಿ ಜೇನಿಗೆ ಜಾಲರಿ ಹಾಕುವ ಹಾಗಿಲ್ಲ, ಅದು ಬೇರೆ ಮಾತು.

ಕಳೆನಾಶಕದ ಬಗ್ಗೆ ಮಾತ್ರ ರಾಜಿ ಆಗಿಲ್ಲ. ಮಳೆಗಾಲ ಮುಗಿಯುವ ಹೊತ್ತಿಗೆ ತೋಟದ ಅಂಚಲ್ಲಿ ಬೆಳೆಯುವ ತುಂಬೆ, ನಾಚಿಕೆ ಮುಳ್ಳು ಇವೇ ಆ ಬಡ ತಿಂಗಳಲ್ಲಿ ಜೇನಿಗೆ ಊಟ. ಭಾವನಿಗೆ ನಾಚಿಕೆ ಮುಳ್ಳು ಕಂಡರೆ ಆಗುವುದಿಲ್ಲ. ಕಾಲಿಗೆ ಚುಚ್ಚಿಸಿಕೊಂಡು ಅಡಿಕೆ ಹೆಕ್ಕುವವರಿಗೂ ಆಗುವುದಿಲ್ಲ, ಅವರ ಕಡೆಯೂ ನ್ಯಾಯ ಇದೆ. ಸದ್ಯಕ್ಕೆ ಮರದ ಬುಡ ಸವರಿಸಿ, ಬೇಲಿಯ ಪಟ್ಟೆಯನ್ನು ಹೂ ಮುಗಿಯುವ ತನಕ ಹಾಗೇ ಬಿಡಿಸುತ್ತಿದ್ದೇನೆ.