ಬೀಟಲ್ಸ್ ಮೊನೋ–ಸ್ಟೀರಿಯೋ ತಾಳೆಪಟ್ಟಿ: ಕೆಲಸ ಎಲ್ಲಿಗೆ ಬಂತು

ಕೈಗೆ ಸಿಕ್ಕ ಬೀಟಲ್ಸ್ ರೆಕಾರ್ಡಿನಲ್ಲಿ ಯಾವ ಮಿಕ್ಸ್ (ಧ್ವನಿಗಳನ್ನು ಬೆರೆಸಿ ಸಿದ್ಧಪಡಿಸಿದ ಆವೃತ್ತಿ) ಇದೆ ಎಂಬುದನ್ನು ಹೊದಿಕೆ ನೋಡದೆ ಹೇಳಬೇಕು, ಕಿವಿಯಿಂದ ಮತ್ತು ಮ್ಯಾಟ್ರಿಕ್ಸ್ ಸಂಖ್ಯೆಯಿಂದ (ಲೇಬಲ್ ಪಕ್ಕ ತಟ್ಟೆಯ ಮೇಲೆಯೇ ಇರುವ ಗುರುತು). ಈ ಪಟ್ಟಿಯ ಗುರಿ ಅದೊಂದೇ. 1968ರವರೆಗೂ ಬ್ರಿಟನ್ನಿನಲ್ಲಿ ಮೊನೋನೇ (ಎಲ್ಲ ಧ್ವನಿಯೂ ಒಂದೇ ಚಾನೆಲ್ಲಿನಲ್ಲಿ) ಮುಖ್ಯ. ಸ್ಟುಡಿಯೋದಲ್ಲಿ ಹೆಚ್ಚು ಹೊತ್ತು ಹೋಗುತ್ತಿದ್ದದ್ದು ಅದಕ್ಕೆ; ಎಡ–ಬಲ ಎರಡು ಚಾನೆಲ್ಲಿನ ಸ್ಟೀರಿಯೋ ಆಮೇಲೆ, ಬೇಗ ಬೇಗ. ಎರಡೂ ಸಲ ಫೇಡರ್ (ಧ್ವನಿ ಏರಿಸಿ ಇಳಿಸುವ ಹಿಡಿ) ಆಡಿಸಿದ್ದು ಕೈಯಲ್ಲೇ ಆದ್ದರಿಂದ ಒಂದರಂತೆ ಇನ್ನೊಂದಿಲ್ಲ. ‘ವೈಟ್ ಆಲ್ಬಂ’ಗೆ ಮೊನೋ ಮಿಕ್ಸ್ ಪ್ರತ್ಯೇಕವಾಗಿ ಆಗಿದೆ. ‘ಯೆಲ್ಲೋ ಸಬ್‌ಮರೀನ್’ನ ಮೊನೋ ಎಲ್‌ಪಿ ಮಾತ್ರ ಸ್ಟೀರಿಯೋದ ಎರಡು ಚಾನೆಲ್ ಕೂಡಿಸಿದ್ದು, ಅಷ್ಟೇ. ‘ಅಬ್ಬೆ ರೋಡ್’ ಬರೀ ಸ್ಟೀರಿಯೋ. ಹಾಗಾಗಿ ಪಟ್ಟಿಯ ತೂಕವೆಲ್ಲ 1962ರಿಂದ 1968ರವರೆಗಿನದರ ಮೇಲೇ ಬೀಳುತ್ತದೆ.

ಮೊದಲ ಹಂತ: ವೇಗ ಮತ್ತು ಮುಳ್ಳು (ಮುಗಿದಿದೆ)

ವೇಗ ಸರಿಯಿಲ್ಲದ ಟರ್ನ್‌ಟೇಬಲ್ಲಿನಲ್ಲಿ ಮಾಡಿದ ಹೋಲಿಕೆಗೆ ಬೆಲೆಯಿಲ್ಲ. ಸ್ಟ್ರೋಬ್ ತಟ್ಟೆ (ವೇಗ ಸರಿಯಿದ್ದರೆ ದೀಪದ ಬೆಳಕಿನಲ್ಲಿ ನಿಂತಂತೆ ಕಾಣುವ ಗೆರೆಗಳ ತಟ್ಟೆ) ಇಟ್ಟು ನೋಡುವಾಗ ಒಂದು ಎಚ್ಚರ ಬೇಕು. ನಮ್ಮ 50 ಹರ್ಟ್ಸ್ ಕರೆಂಟಿಗೆ ನಿಮಿಷಕ್ಕೆ 33⅓ ಸುತ್ತಿನ ವೇಗದ ಸಾಲಿನಲ್ಲಿ 180 ಗೆರೆ ಇರಬೇಕು. ಅಮೆರಿಕದ ತಟ್ಟೆಯಲ್ಲಿ 216 ಇರುತ್ತವೆ, ಅದು 60 ಹರ್ಟ್ಸ್‌ನ ಲೆಕ್ಕ. ಅದನ್ನು ಇಲ್ಲಿ ಬಳಸಿದರೆ ಸರಿಯಾಗಿ ಓಡುವ ಮೋಟರನ್ನೇ ಕೆಡಿಸಿಕೊಳ್ಳುತ್ತೇವೆ. ಎಲ್‌ಇಡಿ ಬಲ್ಬಿನ ಕೆಳಗೆ ಗೆರೆಗಳು ನಿಂತಂತೆ ಕಾಣುವುದೇ ಕಷ್ಟ. ಚೋಕ್ ಇರುವ ಹಳೆಯ ಟ್ಯೂಬ್‌ಲೈಟಿನ ಕೆಳಗೆ ಚೆನ್ನಾಗಿ ಕಾಣುತ್ತವೆ. ವೇಗ ಶೇ. 1ರಷ್ಟು ತಪ್ಪಿದರೆ ಶ್ರುತಿ ಸುಮಾರು 17 ಸೆಂಟ್ ಸರಿಯುತ್ತದೆ, ಅಂದರೆ ಅರ್ಧ ಸ್ವರದ ಆರನೇ ಒಂದು ಭಾಗ. ಈ ಅಂಕಿ ಮುಂದೆ ಮತ್ತೆ ಬೇಕಾಗುತ್ತದೆ.

ಅರವತ್ತರ ದಶಕದ ಮೊನೋ ಎಲ್‌ಪಿಗೆ 25 ಮೈಕ್ರಾನ್ ಮುಳ್ಳು, ಸ್ಟೀರಿಯೋಗೆ 18. ಸವೆದ ಮೊನೋ ಪ್ರತಿಯನ್ನು ಎರಡರಲ್ಲೂ ಹಾಕಿ ನೋಡುವುದು ಒಳ್ಳೆಯದು. ಹಳೆಯ ಮುಳ್ಳು ರೆಕಾರ್ಡಿನ ತೋಡಿನಲ್ಲಿ ತಿಂದುಹಾಕಿದ ಎತ್ತರವನ್ನು ಬಿಟ್ಟು ಬೇರೆ ಎತ್ತರದಲ್ಲಿ ಕೂತರೆ ಕರಕರ ಎಷ್ಟೋ ಕಡಿಮೆಯಾಗುತ್ತದೆ. ಕಂಪ್ಯೂಟರಿಗೆ ರೆಕಾರ್ಡ್ ಮಾಡುವಾಗ ಎರಡೂ ಚಾನೆಲ್ ಬೇರೆಬೇರೆ ಇಟ್ಟುಕೊಳ್ಳಿ. ಆಮೇಲೆ ಕೂಡಿಸಿದರೆ ಮುಳ್ಳಿನ ಮೇಲೆ–ಕೆಳಗಿನ ಅಲುಗಾಟದ ಗದ್ದಲ ಅಲ್ಲೇ ವಜಾ ಆಗುತ್ತದೆ. ತೋಡಿನ ಒಂದು ಗೋಡೆ ಮಾತ್ರ ಸವೆದಿದ್ದರೆ ಕೂಡಿಸಬೇಡಿ, ಚೆನ್ನಾಗಿರುವ ಚಾನೆಲ್ ಒಂದನ್ನೇ ತೆಗೆದುಕೊಳ್ಳಿ.

ಭಾರತದ ಸಂಗ್ರಹಕಾರರಿಗೆ ಇನ್ನೊಂದು ಮಾತು. ಬ್ರಿಟನ್ನಿನಲ್ಲಿ 78 ವೇಗದ ತಟ್ಟೆ ನಿಂತುಹೋದ ಮೇಲೂ ಇಲ್ಲಿ ಬೀಟಲ್ಸ್ ಹಾಡುಗಳು ಅರಗಿನ 78ಗಳಾಗಿ ಅಚ್ಚಾದವು. ಅವಕ್ಕೆ 75 ಮೈಕ್ರಾನ್ ಆಸುಪಾಸಿನ ಮುಳ್ಳೇ ಬೇಕು, ಎಲ್‌ಪಿಯ ಮುಳ್ಳು ತಳ ಕೆರೆಯುತ್ತದೆ. ಸ್ಟ್ರೋಬ್‌ನಲ್ಲಿ 77 ಗೆರೆ. ತೊಳೆಯಲು ಆಲ್ಕೋಹಾಲ್ ಬೆರೆತ ದ್ರಾವಣ ಮುಟ್ಟಿಸಲೇಬಾರದು, ಅರಗು ಕರಗುತ್ತದೆ. ಡಿಸ್ಟಿಲ್ಡ್ ವಾಟರ್, ಒಂದು ಹನಿ ಪಾತ್ರೆ ತೊಳೆಯುವ ಲಿಕ್ವಿಡ್, ಮೆತ್ತನೆ ಬಟ್ಟೆ ಸಾಕು. ಲೇಬಲ್ ನೆನೆಯದಂತೆ ನೋಡಿಕೊಳ್ಳಿ.

ಕಡತಗಳು 24 ಬಿಟ್, 96 ಕಿಲೋಹರ್ಟ್ಸ್ ವೇವ್. ನಿಮಿಷಕ್ಕೆ ಸುಮಾರು 34.5 ಎಂಬಿ, 20 ನಿಮಿಷದ ಒಂದು ಬದಿಗೆ 690 ಎಂಬಿ ಆಸುಪಾಸು. ಅತಿ ಜೋರಿನ ಕಡೆಯೂ −6 ಡೆಸಿಬೆಲ್ ದಾಟಬಾರದು. ಕ್ಲಿಕ್ ತೆಗೆಯುವ ಸೌಲಭ್ಯವನ್ನು ತಾಳೆ ನೋಡುವ ಪ್ರತಿಯ ಮೇಲೆ ಓಡಿಸಲೇಬೇಡಿ. ಹೈ–ಹ್ಯಾಟ್‌ನ ಮತ್ತು ಟ್ಯಾಂಬೊರಿನ್‌ನ ಚುರುಕು ಏಟುಗಳನ್ನು ಅದು ಗೀರು ಎಂದುಕೊಂಡು ಸವರಿಬಿಡುತ್ತದೆ. ‘ಲವ್ ಮಿ ಡು’ವಿನ ಎರಡು ಆವೃತ್ತಿಗಳನ್ನು ಬೇರ್ಪಡಿಸುವ ಗುರುತೇ ಟ್ಯಾಂಬೊರಿನ್. 1962ರ ಸೆಪ್ಟೆಂಬರ್ 4ರ ಧ್ವನಿಮುದ್ರಣದಲ್ಲಿ ಡ್ರಮ್ಸ್ ತಂಡದ ರಿಂಗೋ ಅವರದು, ಟ್ಯಾಂಬೊರಿನ್ ಇಲ್ಲ. 11ರಂದು ಡ್ರಮ್ಸ್‌ಗೆ ಆ್ಯಂಡಿ ವೈಟ್ ಎಂಬ ಹೊರಗಿನ ವಾದಕ ಕೂತರು, ರಿಂಗೋ ಕೈಗೆ ಟ್ಯಾಂಬೊರಿನ್ ಬಂತು. ಕೆಂಪು ಲೇಬಲ್ಲಿನ ಮೊದಲ ಸಿಂಗಲ್ಲಿನಲ್ಲಿರುವುದು 4ರದು, ಎಲ್‌ಪಿಯಲ್ಲಿರುವುದು 11ರದು. 4ರ ಮೂಲ ಟೇಪು ಉಳಿದಿಲ್ಲ. ಮುಂದೆ ಬಂದ ಮರುಮುದ್ರಣಗಳಿಗೆ ತಟ್ಟೆಯಿಂದಲೇ ಪ್ರತಿ ತೆಗೆಯಬೇಕಾಯಿತು. ಆ ತಟ್ಟೆ ಯಾರ ಬಳಿ ಇದ್ದರೂ ಜೋಪಾನ ಮಾಡಬೇಕಾದ್ದು ಇದಕ್ಕೇ.

ಎರಡನೇ ಹಂತ: ಐದು ಗುರುತಿನ ವಿಧಾನ

ಒಂದು ಕಡತದ ಅಲೆಯನ್ನು ತಲೆಕೆಳಗು ಮಾಡಿ ಇನ್ನೊಂದರ ಜೊತೆ ಕೂಡಿಸಿ, ಉಳಿದದ್ದನ್ನು ಕೇಳುವುದು ಮೊದಲ ಯೋಜನೆಯಾಗಿತ್ತು. ಡಿಜಿಟಲ್ ಪ್ರತಿಗಳ ನಡುವೆ ಇದು ಸರಿ. ರೆಕಾರ್ಡಿನಿಂದ ತೆಗೆದದ್ದಕ್ಕೆ ಆಗುವುದಿಲ್ಲ. ತಟ್ಟೆಯ ನಡುತೂತು ಕೂದಲೆಳೆಯಷ್ಟು ಆಚೀಚೆ ಇದ್ದರೂ ಸುತ್ತಿಗೊಮ್ಮೆ ವೇಗ ತೂಗಾಡುತ್ತದೆ, ಒಂದೇ ಮಿಕ್ಸ್ ಆದರೂ ಪೂರ್ತಿ ವಜಾ ಆಗುವುದಿಲ್ಲ. ಆ ವಿಧಾನ ಕೈಬಿಟ್ಟಾಗಿದೆ.

ಈಗ ಬಳಸುತ್ತಿರುವುದು ಇದು. ಹಾಡಿನ ಉದ್ದಕ್ಕೂ ಸ್ಪಷ್ಟವಾದ ಐದು ಏಟು ಆರಿಸಿ, ಎರಡೂ ಕಡತಗಳಲ್ಲಿ ಅವು ಬೀಳುವ ಹೊತ್ತನ್ನು ಮಿಲಿಸೆಕೆಂಡಿನಲ್ಲಿ ಬರೆದುಕೊಳ್ಳುವುದು, ವ್ಯತ್ಯಾಸ ಕಳೆಯುವುದು. ವ್ಯತ್ಯಾಸ ಮೆಟ್ಟಿಲಿಲ್ಲದೆ ಸಮನಾಗಿ ಏರುತ್ತ ಹೋದರೆ ಅದು ವೇಗದ ವ್ಯತ್ಯಾಸ. ಒಂದು ಕಡೆ ದಿಢೀರನೆ ಜಿಗಿದು ಮತ್ತೆ ಹಾಗೇ ನಿಂತರೆ ಅಲ್ಲಿ ಟೇಪು ಕತ್ತರಿಸಿ ಅಂಟಿಸಲಾಗಿದೆ. ‘ಐ ಆ್ಯಮ್ ದ ವಾಲ್ರಸ್’ ಇದಕ್ಕೆ ಒಳ್ಳೆಯ ಅಭ್ಯಾಸ. ಬ್ರಿಟಿಷ್ ಮೊನೋದಲ್ಲಿ ಆರಂಭದ ಎಲೆಕ್ಟ್ರಿಕ್ ಪಿಯಾನೋದ ಸರಣಿ ನಾಲ್ಕು ಸಲ, ಬ್ರಿಟಿಷ್ ಸ್ಟೀರಿಯೋದಲ್ಲಿ ಆರು ಸಲ, ಅಂದರೆ ಶುರುವಿಗೇ ಜಿಗಿತ. ಅಮೆರಿಕದ ಸಿಂಗಲ್ಲಿನಲ್ಲಿ ನಡುವೆ ಕೆಲವು ಏಟು ಹೆಚ್ಚಿವೆ, ಅಲ್ಲೊಂದು ಜಿಗಿತ. ಇದೇ ಹಾಡಿನ ಸ್ಟೀರಿಯೋ ಸುಮಾರು ಎರಡು ನಿಮಿಷವಾದ ಮೇಲೆ ಮಂಕಾಗಿ, ಅಗಲ ಕಳೆದುಕೊಳ್ಳುತ್ತದೆ. ಪ್ರತಿ ಕೆಟ್ಟಿದೆ ಎಂದು ತಿಳಿಯಬೇಡಿ. 1967ರ ಸೆಪ್ಟೆಂಬರ್ 29ರಂದು ಮೊನೋ ಮಿಕ್ಸ್ ಮಾಡುತ್ತಿದ್ದಾಗಲೇ ಬಿಬಿಸಿಯಲ್ಲಿ ಬರುತ್ತಿದ್ದ ‘ಕಿಂಗ್ ಲಿಯರ್’ ನಾಟಕವನ್ನು ನೇರವಾಗಿ ಅದಕ್ಕೆ ಬೆರೆಸಿದರು. ರೇಡಿಯೋದ ಧ್ವನಿ ಬೇರೆ ಟ್ರ್ಯಾಕಿನಲ್ಲಿ ಇರಲೇ ಇಲ್ಲ. ಹಾಗಾಗಿ ಸ್ಟೀರಿಯೋದ ಕೊನೆಗೆ ಆ ಮೊನೋವನ್ನೇ ಹಿಗ್ಗಿಸಿ ಜೋಡಿಸಬೇಕಾಯಿತು.

‘ಷೀಸ್ ಲೀವಿಂಗ್ ಹೋಮ್’ನಲ್ಲಿ ಜಿಗಿತವೇ ಇಲ್ಲ, ಸಮನಾದ ಏರಿಕೆ ಮಾತ್ರ. 1967ರ ಸ್ಟೀರಿಯೋ ಇರುವುದು ಹಾರ್ಮೋನಿಯಂ ಲೆಕ್ಕದ ಬಿಳಿ ಮೂರರಲ್ಲಿ, ಮೊನೋ ಬಿಳಿ ನಾಲ್ಕರ ಹತ್ತಿರ. ಟೇಪಿನ ವೇಗ ಏರಿಸಿದ್ದಾರೆ. ಅರ್ಧ ಸ್ವರ ಏರಬೇಕಾದರೆ ವೇಗ ಸುಮಾರು ಶೇ. 6 ಹೆಚ್ಚಬೇಕು. ಮೊದಲ ಹಂತದಲ್ಲಿ ಹೊಂದಿಸಿದ ಯಾವ ಟರ್ನ್‌ಟೇಬಲ್ಲೂ ಅಷ್ಟು ತಪ್ಪುವುದಿಲ್ಲ, ಆದ್ದರಿಂದ ಅನುಮಾನಕ್ಕೆ ಜಾಗವಿಲ್ಲ. ಹಾರ್ಪ್‌ನ ಮೊದಲ ಮೀಟಿನಲ್ಲೇ ಗೊತ್ತಾಗುತ್ತದೆ: ಮೊನೋದಲ್ಲಿ ತಂತಿ ಬಿಗಿದಂತೆ, ಸ್ಟೀರಿಯೋದಲ್ಲಿ ಜೋಲುಬಿದ್ದಂತೆ. ಹಾಡಿನ ದುಃಖಕ್ಕೆ ಮೊನೋದ ವೇಗವೇ ಒಪ್ಪುತ್ತದೆ; ಸ್ಟೀರಿಯೋ ಎಳೆದಂತಾಗುತ್ತದೆ. ಆದರೆ ‘ನಿಧಾನ ಇದ್ದರೆ ಸ್ಟೀರಿಯೋ’ ಎಂಬ ಸೂತ್ರ ಬರೆದುಕೊಂಡಿದ್ದರೆ ಹೊಡೆದುಹಾಕಿ. 2017ರ ಹೊಸ ಸ್ಟೀರಿಯೋ ಮಿಕ್ಸ್ ಮೊನೋದ ವೇಗವನ್ನೇ ಹಿಡಿದಿದೆ.

ಪಟ್ಟಿಗೆ ಸೇರಿದ್ದು

‘ಹೆಲ್ಪ್!’: ಮೊನೋ ಮತ್ತು ಸ್ಟೀರಿಯೋದಲ್ಲಿ ಲೆನನ್‌ರ ಹಾಡುಗಾರಿಕೆಯೇ ಬೇರೆ. ಚಿತ್ರಕ್ಕಾಗಿ ದನಿಯನ್ನು ಮತ್ತೆ ಹಾಡಿಸಿದ್ದರು, ಮೊನೋದಲ್ಲಿ ಆರಂಭದ ನಂತರ ಅದೇ ಇದೆ, ಟ್ಯಾಂಬೊರಿನ್ ಕೇಳಿಸುವುದಿಲ್ಲ. ‘ಫ್ರಮ್ ಮಿ ಟು ಯು’: ಸ್ಟೀರಿಯೋದ ಆರಂಭದಲ್ಲಿ ಹಾರ್ಮೋನಿಕಾ ಇಲ್ಲ. ‘ಪ್ಲೀಸ್ ಪ್ಲೀಸ್ ಮಿ’: ಸ್ಟೀರಿಯೋದ ಕೊನೆಯ ಚರಣದಲ್ಲಿ ಲೆನನ್ ಸಾಲು ತಪ್ಪಿ, ನಗು ತಡೆದುಕೊಳ್ಳುತ್ತಾರೆ. ‘ಹೆಲ್ಟರ್ ಸ್ಕೆಲ್ಟರ್’: ಸ್ಟೀರಿಯೋ ಸುಮಾರು 50 ಸೆಕೆಂಡ್ ಉದ್ದ, ತಗ್ಗಿ ಮತ್ತೆ ಎದ್ದು ಬಂದು, ಬೆರಳಲ್ಲಿ ಬೊಬ್ಬೆ ಎದ್ದಿವೆ ಎಂಬ ರಿಂಗೋ ಕೂಗಿನಿಂದ ಮುಗಿಯುತ್ತದೆ. ಮೊನೋ ಮೊದಲ ಸಲ ತಗ್ಗಿದಾಗಲೇ ಮುಗಿದುಹೋಗುತ್ತದೆ. ‘ಷಿ ಲವ್ಸ್ ಯು’: ನಿಜವಾದ ಹಳೆಯ ಸ್ಟೀರಿಯೋ ಇಲ್ಲವೇ ಇಲ್ಲ, ಎರಡು ಟ್ರ್ಯಾಕಿನ ಟೇಪು ಉಳಿದಿಲ್ಲ.

ಎಲ್ಲಕ್ಕಿಂತ ಹುಡುಕಾಟ ಬೇಡುವುದು ‘ಟುಮಾರೋ ನೆವರ್ ನೋಸ್’. ‘ರಿವಾಲ್ವರ್’ ಮೊನೋ, ಕೆಟಲಾಗ್ ಸಂಖ್ಯೆ ಪಿಎಂಸಿ 7009, ಎರಡನೇ ಬದಿ. ಲೇಬಲ್ ಪಕ್ಕದ ಹಾಡಿಲ್ಲದ ಪಟ್ಟಿಯನ್ನು ಓರೆ ಬೆಳಕಿಗೆ ಹಿಡಿದು ಓದಿ. ಎಕ್ಸ್‌ಇಎಕ್ಸ್ 606–1 ಇದ್ದರೆ ಅದು ರೀಮಿಕ್ಸ್ 11, ತೀರಾ ಮೊದಲ ಅಚ್ಚುಗಳಲ್ಲಿ ಮಾತ್ರ ಸಿಗುವಂಥದ್ದು. ಅದನ್ನು ಹಿಂತೆಗೆದುಕೊಂಡು ರೀಮಿಕ್ಸ್ 8 ಹಾಕಿದರು. ಟೇಪ್ ಲೂಪ್‌ಗಳ ಏರಿಳಿತ ಎರಡರಲ್ಲೂ ಬೇರೆ. ಒಂದು ಮತ್ತು ಏಳು ಓರೆ ಬೆಳಕಿನಲ್ಲಿ ಒಂದೇ ಥರ ಕಾಣುತ್ತವೆ. ಫೋಟೋ ನಂಬದೆ ಭೂತಗನ್ನಡಿ ಹಿಡಿಯಿರಿ.

ಅಮೆರಿಕದ ಕ್ಯಾಪಿಟಲ್ ಕಂಪನಿಯ ‘ಡ್ಯುಯೋಫೋನಿಕ್’ ಪ್ರತಿಗಳನ್ನು ಪಟ್ಟಿಯ ಹೊರಗಿಟ್ಟಿದೆ. ಅವು ಮೊನೋವನ್ನೇ ಎರಡಾಗಿ ಸೀಳಿ, ಒಂದನ್ನು ಚೂರು ತಡಮಾಡಿ ಮಾಡಿದವು. ಕೂಡಿಸಿದರೆ ದನಿ ಕೊಳವೆಯೊಳಗಿಂದ ಬಂದಂತಾಗುತ್ತದೆ. ಬೇರೆ ಮೂಲವೇ ಸಿಗದಿದ್ದರೆ ಒಂದೇ ಚಾನೆಲ್ ಬಳಸಿ.

ಬಾಕಿ

‘ದಿ ಇನ್ನರ್ ಲೈಟ್’. ವಾದ್ಯಗಳ ಧ್ವನಿಮುದ್ರಣ ಆದದ್ದು 1968ರ ಜನವರಿಯಲ್ಲಿ, ಬೊಂಬಾಯಿಯ ಎಚ್‌ಎಂವಿ ಸ್ಟುಡಿಯೋದಲ್ಲಿ, ನಮ್ಮ ದೇಶದ ಕಲಾವಿದರಿಂದ. ಹ್ಯಾರಿಸನ್‌ರ ದನಿ ಸೇರಿದ್ದು ಫೆಬ್ರವರಿಯಲ್ಲಿ ಲಂಡನ್ನಿನಲ್ಲಿ. ಮಾರ್ಚಿನ ಸಿಂಗಲ್ಲಿನಲ್ಲಿರುವುದು ಮೊನೋ. ಸ್ಟೀರಿಯೋ ಮಿಕ್ಸ್ ಆದದ್ದು 1970ರಲ್ಲಿ, ಹೊರಬಂದದ್ದು 1981ರ ಇಪಿಯಲ್ಲಿ (ಕೆಲವೇ ಹಾಡುಗಳ ಸಣ್ಣ ರೆಕಾರ್ಡ್). ಹಾಡುಗಾರಿಕೆ ಇಲ್ಲದ ಇನ್ನೊಂದು ಟೇಕ್ ಹ್ಯಾರಿಸನ್‌ರ ಆಲ್ಬಂ ಆದ, 2014ರ ‘ವಂಡರ್‌ವಾಲ್ ಮ್ಯೂಸಿಕ್’ ಮರುಬಿಡುಗಡೆಯಲ್ಲಿದೆ. ಮೂರನ್ನೂ ಐದು ಗುರುತಿನ ವಿಧಾನಕ್ಕೆ ಹಾಕಬೇಕು. ತೊಡಕೆಂದರೆ ಆ ಟೇಕು ಬೇರೆಯದೇ ನುಡಿಸಾಣಿಕೆ. ಏಟುಗಳ ಹೊತ್ತು ಹೊಂದುವುದಿಲ್ಲ. ಅದಕ್ಕೆ ಹೊತ್ತಿನ ಬದಲು ತಾಳದ ಆವರ್ತ ಎಣಿಸಿ, ಆವರ್ತದ ಮೊದಲ ಪೆಟ್ಟನ್ನೇ ಗುರುತಾಗಿ ಹಿಡಿಯುವ ಕೋಷ್ಟಕ ತಯಾರಾಗುತ್ತಿದೆ.